ಗೋಡೆಯ ಆಚೆಯ ವಾರಿಜಾ

ಬೈಲಹೊಂಗಲದ ಅಂದಾನೆಪ್ಪನವರ ಮನೆಗೆ ಟಿವಿ ಬಂದದ್ದು ತೊಂಬತ್ನಾಲ್ಕರ ದೀಪಾವಳಿ ಪಾಡ್ಯದ ದಿನ. ಸೊಸೆ ಗುರುಬಸವ್ವ ರಾಮದುರ್ಗ ತಾಲೂಕಿನ ಕಟಕೋಳದಿಂದ ಆ ಮನೆಗೆ ಬಂದು ಆಗ ಮೂರು ವರ್ಷವಾಗಿತ್ತು. ಟಿವಿ ಎಲ್ಲಿಡಬೇಕೆಂದು ಯಾರೂ ಹೆಚ್ಚು ಯೋಚಿಸಲಿಲ್ಲ. ಪಡಸಾಲೆಯ ಒಳಗೋಡೆಯಲ್ಲಿ ಹಿಂದೆ ಕಂದೀಲು ಇಡುತ್ತಿದ್ದ ದೊಡ್ಡ ಮಾಡವೊಂದಿತ್ತು. ಟಿವಿ ಅದರೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮಾವ ಅಂದಾನೆಪ್ಪನವರು ಎದುರಿಗೆ ತಮ್ಮ ಆರಾಮ ಕುರ್ಚಿ ಹಾಕಿಕೊಂಡರು. ಗೋಡೆಯ ಇನ್ನೊಂದು ಮಗ್ಗುಲಿಗೆ ಅಡುಗೆಮನೆ. ಮಾಡದ ಸರಿಯಾಗಿ ಹಿಂದೆ ಒಲೆ. ಹೀಗೆ ಟಿವಿ ಪಡಸಾಲೆಗೆ ಮುಖ ಮಾಡಿತು, ಗುರುಬಸವ್ವನಿಗೆ ಬೆನ್ನು.

ಆ ಮನೆಯಲ್ಲಿ ಸೊಸೆಯಾದವಳು ಮಾವನ ಎದುರಿಗೆ ಬಂದು ಕೂರುವ ರೂಢಿ ಇರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ತಲೆಯ ಮೇಲೆ ಸೆರಗು ಹೊದ್ದು ತಾಟು ತಂದಿಡುವುದು, ಹಿಂದೆ ಸರಿಯುವುದು, ಅಷ್ಟೆ. ಮಾತೇನಿದ್ದರೂ ಅತ್ತೆಯ ಮೂಲಕ ಹೋಗಬೇಕು, ಅತ್ತೆಯ ಮೂಲಕ ಬರಬೇಕು. ತೊಂಬತ್ತೆಂಟರಲ್ಲಿ ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಈ ಮಾತು ಮುಟ್ಟಿಸುವವರು ಇಲ್ಲದಂತಾಯಿತು. ಗಂಡ ಶ್ರೀಶೈಲ ಬೀಜ-ಗೊಬ್ಬರದ ಅಂಗಡಿ ಮುಚ್ಚಿ ಬರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ಒಬ್ಬಳೇ ಮಗಳು ಮೀನಾ ಕಿತ್ತೂರಿನ ವಸತಿ ಶಾಲೆ ಸೇರಿದ ಮೇಲಂತೂ ಮನೆಯಲ್ಲಿ ಮಾವ ಮತ್ತು ಸೊಸೆ ಇಬ್ಬರೇ. ಅಂದಾನೆಪ್ಪನವರು ಪಡಸಾಲೆಯ ನಡುಗಂಬದೊಂದಿಗೆ ಮಾತಾಡತೊಡಗಿದರು. ‘ಚಾ ಆತೇನು’ ಎಂದು ಕಂಬವನ್ನು ಕೇಳುವರು. ‘ನಾಳೆ ಅಮಾಸಿ, ಮುರಗೋಡ ಮಠಕ್ಕ ಹೋಗಾಂವ ಅದೇನಿ’ ಎಂದು ಕಂಬಕ್ಕೆ ತಿಳಿಸುವರು. ಸ್ವಲ್ಪ ಹೊತ್ತಿಗೆ ಚಹಾ ಬರುತ್ತಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಮಡಿ ಧೋತರ ಗೂಟಕ್ಕೆ ಬಂದಿರುತ್ತಿತ್ತು.

ಅಂದಾನೆಪ್ಪನವರು ಮೂವತ್ತು ವರ್ಷ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ದುಡಿದವರು. ಆ ಯಂತ್ರಗಳ ಸದ್ದು ಅವರ ಕಿವಿಗಳನ್ನು ತಿಂದು ಹಾಕಿತ್ತು. ಅವರು ಟಿವಿ ಹಚ್ಚಿದರೆ ಓಣಿಯ ತಿರುವಿನವರೆಗೂ ಕೇಳಿಸುತ್ತಿತ್ತು. ಗೋಡೆಯ ಹಿಂದಿದ್ದ ಗುರುಬಸವ್ವನಿಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ.

ಮೊದಮೊದಲು ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಕಿವಿಗೊಟ್ಟು ಕೇಳತೊಡಗಿದಳು. ರೊಟ್ಟಿ ತಟ್ಟುವ ಸದ್ದಿಗೆ ಮಾತು ಮುಚ್ಚಿಹೋಗುತ್ತಿತ್ತಾದ್ದರಿಂದ ಕೆಲಸದ ಕ್ರಮವನ್ನೇ ಬದಲಿಸಿಕೊಂಡಳು. ಜಾಹೀರಾತು ಬಂದಾಗ ಹಿಟ್ಟು ನಾದಿ ತಟ್ಟುವುದು, ಕಥೆ ನಡೆಯುವಾಗ ಬೇಯಿಸುವುದು. ಎರಡು ಜಾಹೀರಾತಿನ ನಡುವೆ ಎಷ್ಟು ರೊಟ್ಟಿ ಬೇಯುತ್ತವೆಂಬುದು ಅವಳ ಕೈಗೆ ಗೊತ್ತಿತ್ತು. ಬೆಳಿಗ್ಗೆ ಮಾವ ಹೊರಗೆ ಹೋದಾಗ ಟಿವಿ ಒರೆಸುವವಳೂ ಅವಳೇ. ಆಗ ಆ ಕಪ್ಪು ಗಾಜಿನಲ್ಲಿ ಕಾಣುತ್ತಿದ್ದದ್ದು ಅವಳದೇ ಮುಖ. ಮಧ್ಯಾಹ್ನ ಹಿಂದಿನ ದಿನದ ಕಥೆಯನ್ನು ಮತ್ತೊಮ್ಮೆ ತೋರಿಸುತ್ತಿದ್ದರಂತೆ. ಆ ಹೊತ್ತಿಗೆ ಊರಿನಲ್ಲಿ ಕರೆಂಟೇ ಇರುತ್ತಿರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಸಂಜೆ ಎಂಟಕ್ಕೆ ವಾರಿಜಾಳ ಕಥೆ ಶುರುವಾಯಿತು. ಅದಕ್ಕೊಂದು ಉದ್ದನೆಯ ಹೆಸರಿತ್ತು. ಓಣಿಯಲ್ಲಿ ಎಲ್ಲರೂ ‘ಎಂಟರದು’ ಎನ್ನುತ್ತಿದ್ದರು. ತಂದೆಯಿಲ್ಲದ ವಾರಿಜಾ ಶ್ರೀಮಂತರ ಮನೆಯ ಸೊಸೆಯಾಗಿ ಹೋಗುತ್ತಾಳೆ. ಅಲ್ಲಿಂದ ಮುಂದೆ ಅವಳ ಪಾಡು ಮುಗಿಯುವುದೇ ಇಲ್ಲ. ಅವಳ ಧ್ವನಿ ತುಸು ಭಾರವಾಗಿತ್ತು, ತುದಿಯಲ್ಲಿ ಸ್ವಲ್ಪ ಒರಟು. ಗುರುಬಸವ್ವ ಆ ಧ್ವನಿಗೆ ಒಂದು ಮುಖ ಮಾಡಿಕೊಂಡಳು. ಅಗಲ ಹಣೆ, ಕೆಲಸ ಮಾಡಿ ಗಟ್ಟಿಯಾದ ಕೈ, ನಿಂತರೆ ಬಾಗಿಲು ತುಂಬುವ ಮೈಕಟ್ಟು. ಕಟಕೋಳದ ಅವಳ ಚಿಕ್ಕಮ್ಮ ಹಾಗಿದ್ದಳು. ವಾರಿಜಾ ಹಾಗೆಯೇ ಇರಬೇಕೆಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಎದುರು ಮನೆಯ ದೇವಕ್ಕನ ಕಟ್ಟೆಯ ಮೇಲೆ ಮಧ್ಯಾಹ್ನ ಕೌದಿ ಹೊಲಿಯುವ ನಾಲ್ವರಲ್ಲಿ ಗುರುಬಸವ್ವನೂ ಒಬ್ಬಳು. ಸವದತ್ತಿಯಿಂದ ಬಂದ ದೇವಕ್ಕನಿಗೆ ಅರವತ್ತು ದಾಟಿತ್ತು. ಕಟ್ಟೆ ಅವಳದು, ದೊಡ್ಡ ಬಾಯಿಯೂ ಅವಳದು. ನೀಲಾ ಕಿತ್ತೂರಿನವಳು, ಪೇಪರಿನ ಸಿನಿಮಾ ಪುಟ ಬಿಡದೆ ಓದುವವಳು. ರಾಯವ್ವ ಆ ಓಣಿಯಲ್ಲೇ ಹುಟ್ಟಿ ಆ ಓಣಿಗೇ ಸೊಸೆಯಾದವಳು, ಮಾತು ಕಡಿಮೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಮಗ್ಗುಲಿಗೆ ನಾಲ್ವರು ಕುಳಿತು, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರಬೇಕು. ನಾಲ್ಕೂ ಕಡೆ ಒಂದೇ ಹದದಲ್ಲಿ ಸಾಗಬೇಕು. ಒಬ್ಬಳು ಹಿಂದೆ ಬಿದ್ದರೆ ಅವಳ ಕಡೆ ಬಟ್ಟೆ ಉಬ್ಬಿ ಸುಕ್ಕುಗಟ್ಟುತ್ತದೆ.

ಸೂಜಿಗಿಂತ ಮುಂದೆ ಬಾಯಿ ಓಡುತ್ತಿತ್ತು. ಓಡುತ್ತಿದ್ದದ್ದು ಧಾರಾವಾಹಿಗಳ ಸುತ್ತಲೇ. ದೇವಕ್ಕನ ಪ್ರಕಾರ ಮೊದಲಿನ ವಾರಕ್ಕೊಮ್ಮೆ ಬರುವವೇ ನಿಜವಾದ ಧಾರಾವಾಹಿಗಳು. ಹದಿಮೂರು ವಾರಕ್ಕೆ ಮುಗಿದರೂ ವರ್ಷಗಟ್ಟಲೆ ನೆನಪಿರುತ್ತಿದ್ದವು. ಈಗಿನ ದಿನನಿತ್ಯದವು ನೀರು ಬೆರೆಸಿ ಬೆರೆಸಿ ಮಜ್ಜಿಗೆಯ ಬಣ್ಣ ಮಾತ್ರ ಉಳಿದಂಥವು. ಆದರೂ ಒಂದನ್ನೂ ಬಿಡುತ್ತಿರಲಿಲ್ಲ. ಕಣ್ಣಲ್ಲಿ ನೀರು ಬರಿಸದ ಧಾರಾವಾಹಿಗೆ ಕರೆಂಟು ಯಾಕೆ ಸುಡಬೇಕು ಎಂಬುದು ಅವಳ ಇನ್ನೊಂದು ಮಾತು. ನೀಲಾಳಿಗೆ ಮನೆ ಚಂದವಿರಬೇಕು, ಸೀರೆ ಚಂದವಿರಬೇಕು. ಆದರೆ ರೇಷ್ಮೆಯುಟ್ಟು ಹೂ ಮುಡಿದುಕೊಂಡೇ ಮಲಗುವ ಹೆಂಗಸರನ್ನು ನಂಬಲು ಅವಳಿಂದ ಆಗುತ್ತಿರಲಿಲ್ಲ. ಇಡೀ ಕಥೆಯಲ್ಲಿ ಒಬ್ಬರೂ ಒಂದು ರೊಟ್ಟಿ ಬಡಿದದ್ದಿಲ್ಲ, ಆ ಮನೆಯವರು ಏನು ತಿಂದು ಬದುಕುತ್ತಾರೋ ಎನ್ನುತ್ತಿದ್ದಳು. ರಾಯವ್ವನಿಗಿದ್ದದ್ದು ಒಂದೇ ದೂರು: ಶುರು ಮಾಡಿದವರು ಮುಗಿಸಬೇಕು.

ಎಲ್ಲರೂ ಹೇಳಿಯಾದ ಮೇಲೆ ಗುರುಬಸವ್ವನ ಕಡೆ ನೋಡುವರು. ಯಾಕೆಂದರೆ ಯಾರು ಯಾವಾಗ ಏನು ಹೇಳಿದರೆಂಬುದು ಅವಳಿಗೆ ಅಕ್ಷರ ಸಹಿತ ನೆನಪಿರುತ್ತಿತ್ತು. ವಾರಿಜಾಳ ಅತ್ತೆಗೆ ಮೈಸೂರಿನಿಂದ ತಂಗಿಯೊಬ್ಬಳು ಬಂದಿಳಿದಾಗ, ಈಗ ನೋಡು ಜಗಳ ಅಂದರೆ ಎಂದು ದೇವಕ್ಕ ಹುರುಪಿನಲ್ಲಿದ್ದಳು. ಕಥೆ ಇಲ್ಲಿಗೆ ಕೆಟ್ಟಿತು ಎಂದಳು ಗುರುಬಸವ್ವ. ಮೊದಲ ವರ್ಷದ ಗೌರಿ ಹಬ್ಬದ ದಿನ ಆ ಅತ್ತೆಯೇ ತಾನು ಒಬ್ಬಳೇ ಮಗಳೆಂದು ಅತ್ತಿದ್ದಳಲ್ಲ. ಬರೆದವನಿಗೇ ನೆನಪಿಲ್ಲದ ಮೇಲೆ ನಾವು ಯಾಕೆ ನೆನಪಿಟ್ಟು ಅಳಬೇಕು? ಅಂದು ಕಟ್ಟೆಯ ಮೇಲೆ ತನ್ನ ಮಾತು ಬಿದ್ದುಹೋದದ್ದನ್ನು ದೇವಕ್ಕ ಮರೆಯಲಿಲ್ಲ.

ಇನ್ನೊಮ್ಮೆ ಗುರುಬಸವ್ವ ಹೇಳಿದ್ದಳು: “ಸುಳ್ಳ ಹೇಳೂ ಮುಂದ ವಾರಿಜಾ ಮದಲ ಒಂದ ಉಸರ ಎಳಕೋತಾಳ. ಖರೆ ಹೇಳೂ ಮುಂದ ಎಳಕೊಳ್ಳಂಗಿಲ್ಲ. ಲಕ್ಷ್ಯ ಕೊಟ್ಟ ಕೇಳ್ರಿ ಬೇಕಾರ.”

ಮೂವರೂ ಅಂದು ರಾತ್ರಿ ಕಿವಿಗೊಟ್ಟು ಕೇಳಿದರು. ಹೌದಾಗಿತ್ತು. ಇಷ್ಟು ನಿಗಾ ಇಟ್ಟು ನೋಡುವವಳು ಊರಲ್ಲೇ ಇಲ್ಲ ಎಂದಳು ನೀಲಾ. ಗುರುಬಸವ್ವ ಸೂಜಿಗೆ ದಾರ ಪೋಣಿಸತೊಡಗಿದಳು. ತಾನು ನೋಡಿಲ್ಲವೆಂದು ಹೇಳಲು ಅವಳಿಗೆ ಎರಡು ಅಡ್ಡಿಗಳಿದ್ದವು. ಆ ಕಟ್ಟೆಯ ಮೇಲೆ ಅವಳ ಮಾತಿಗಿದ್ದ ತೂಕ ಒಂದು. ಇನ್ನೊಂದು, ಟಿವಿ ಇದ್ದೂ ಸೊಸೆಗೆ ನೋಡಗೊಡದ ಮನೆ ಎಂದು ಓಣಿ ಆಡಿಕೊಂಡರೆ, ಮನೆಯ ಹೆಸರು ತನ್ನ ಬಾಯಿಂದಲೇ ಹೋದಂತೆ. ಆದ್ದರಿಂದ ಹಲವು ಸಂಗತಿಗಳನ್ನು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಕಥೆಯಲ್ಲಿ ಆಗಾಗ ಢಂ ಢಂ ಢಂ ಎಂದು ಮೂರು ಸಲ ಬಡಿಯುವ ಸದ್ದನ್ನು, ಯಾರೋ ಬಾಗಿಲು ಬಡಿಯುತ್ತಿದ್ದಾರೆ, ಒಳಗಿನವರು ತೆಗೆಯುತ್ತಿಲ್ಲ ಎಂದೇ ಅವಳು ತಿಂಗಳುಗಟ್ಟಲೆ ತಿಳಿದಿದ್ದಳು. ಅದು ಬರಿಯ ವಾದ್ಯ, ಅದು ಬಂದಾಗ ಒಬ್ಬೊಬ್ಬರ ಮುಖ ತೋರಿಸುತ್ತಾರೆಂದು ನೀಲಾಳ ಹರಟೆಯಿಂದ ತಾನಾಗಿ ಗೊತ್ತಾಯಿತು.

ಎರಡು ಸಾವಿರದ ಮೂರರ ಶ್ರಾವಣದ ಒಂದು ಸೋಮವಾರ ವಾರಿಜಾ ಬದಲಾದಳು. ಮೊದಲಿನ ನಟಿ ಬಿಟ್ಟುಹೋಗಿ ಹೊಸಬಳು ಬಂದಿದ್ದಳು. ಇಂದಿನಿಂದ ಈ ಪಾತ್ರದಲ್ಲಿ ಇಂಥವರು ಎಂದು ಟಿವಿಯ ಗಾಜಿನ ಕೆಳತುದಿಯಲ್ಲಿ ಒಂದು ಸಾಲು ಬರೆದು ತೋರಿಸಿದರು. ಬಾಯಿಂದ ಯಾರೂ ಹೇಳಲಿಲ್ಲ.

ಮರುದಿನ ಕಟ್ಟೆಯ ಮೇಲೆ ದೇವಕ್ಕ ಕೂರುವ ಮೊದಲೇ ಶುರು ಮಾಡಿದಳು. ಹೊಸಬಳ ಮುಖದಲ್ಲಿ ಕಳೆಯಿಲ್ಲ, ಅಳು ಬರುವುದಿಲ್ಲ, ಇನ್ನು ಈ ಧಾರಾವಾಹಿ ನೋಡುವುದಕ್ಕೆ ಅರ್ಥವಿಲ್ಲ. ಯಾರು ಹೊಸಬಳು ಎಂದು ಗುರುಬಸವ್ವ ಕೇಳಿದಳು. ವಾರಿಜಾ ಎಂದರು. ಅವಳು ನಕ್ಕುಬಿಟ್ಟಳು.

“ಅಕಿನ ಅದಾಳಲ್ಲರೀ ಅಕ್ಕಾರ. ನಿನ್ನಿ ಅತ್ತಿ ಮುಂದ ನಿಂತ ಮಾತಾಡಿದಾಕಿ ಅಕಿನ. ನನಗ ಗೊತ್ತಾಗೂದಿಲ್ಲೇನು?”

ಮೂರು ಸೂಜಿಗಳು ನಿಂತವು. ಚೇಷ್ಟೆ ಮಾಡುತ್ತಿರಬೇಕೆಂದು ನೀಲಾ ಅಂದುಕೊಂಡಳು. ಆದರೆ ಬುಧವಾರವೂ ಗುರುಬಸವ್ವ ಅದನ್ನೇ ಹೇಳಿದಳು. ಎರಡು ವರ್ಷ ದಿನಾ ಕೇಳಿದ ಧ್ವನಿ ಅದು. ಒಂದು ಕೂದಲಿನಷ್ಟೂ ಬೇರೆಯಾಗಿರಲಿಲ್ಲ. ತನ್ನ ಕಿವಿ ಅವಳಿಗೆ ಎಂದೂ ಸುಳ್ಳು ಹೇಳಿದ್ದಿಲ್ಲ. ಇವರಿಗೇ ಏನೋ ಭ್ರಮೆ ಎಂದು ಅವಳು ನಿಜವಾಗಿ ನಂಬಿದ್ದಳು.

ಗುರುವಾರ ದೇವಕ್ಕ ಹೊಲಿಗೆಯಿಂದ ತಲೆಯೆತ್ತದೆ ಕೇಳಿದಳು: “ಹಂಗಾರ ಹೇಳವಾ ತಂಗಿ, ನಿನ್ನಿ ವಾರಿಜಾ ಯಾ ಸೀರಿ ಉಟ್ಟಿದ್ಲು?”

ಗುರುಬಸವ್ವನ ಕೈ ಅರೆಗಳಿಗೆ ತಡೆಯಿತು. “ಹಸರ,” ಎಂದಳು.

ಮದುವೆಯಾದಾಗಿನಿಂದ ಸೀರೆಯಲ್ಲೇ ಇದ್ದ ವಾರಿಜಾ ಹಿಂದಿನ ರಾತ್ರಿ ಮೊದಲ ಸಲ ಚೂಡಿದಾರ ತೊಟ್ಟು ಬಂದಿದ್ದಳು. ಬೆಳಗಿನಿಂದ ಇಡೀ ಓಣಿ ಅದನ್ನೇ ಮಾತಾಡಿತ್ತು.

“ಅಲ್ಲವಾ, ನೀ ಟಿವಿ ನೋಡತೀಯೋ ಏನ ಒಲಿ ನೋಡತೀಯೋ?” ಎಂದಳು ದೇವಕ್ಕ.

ನಗಿಸಲಿಕ್ಕೆಂದೇ ಅವಳು ಹಾಗೆ ಹೇಳಿದ್ದು. ಉಳಿದಿಬ್ಬರೂ ನಕ್ಕರು. ಗುರುಬಸವ್ವ ಸಾಲು ಮುಗಿಸಿ, ದಾರ ಕಚ್ಚಿ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ಹಿಟ್ಟು ಬೀಸಿಸಿಕೊಂಡು ಬರಬೇಕು ಎಂದಳು.

ಅವಳು ಐದು ದಿನ ಆ ಕಡೆ ಹೋಗಲಿಲ್ಲ. ಸಂಜೆ ಎಂಟಕ್ಕೆ ಗೋಡೆಯಾಚೆಯಿಂದ ಅದೇ ಧ್ವನಿ ಬರುತ್ತಿತ್ತು. ಬೇರೆಯವಳೇನೋ ಎಂದು ಎಷ್ಟು ಹುಡುಕಿದರೂ ಅವಳೇ ಸಿಗುತ್ತಿದ್ದಳು. ಮೂವರು ಕಣ್ಣಾರೆ ಕಂಡವರು ಸುಳ್ಳಾಡುವುದಿಲ್ಲ ಎಂಬುದೂ ಗೊತ್ತಿತ್ತು. ಆ ಮುಖವನ್ನು ಒಮ್ಮೆ, ಒಂದೇ ಒಮ್ಮೆ ನೋಡಬೇಕು ಎಂದು ಅವಳಿಗೆ ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅನಿಸಿತು. ಒಮ್ಮೆ ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಬಾಗಿಲವರೆಗೂ ಬಂದಳು. ಮಾವ ಎದುರಿಗೇ ಇದ್ದರು. ತಂಬಿಗೆ ಇಟ್ಟು ತಿರುಗಿ ಬಂದಳು.

ಕಟ್ಟೆಯ ಮೇಲೆ ಮೂರು ಕಡೆಯ ಹೊಲಿಗೆ ನಡುವಿನ ಸಮೀಪ ಬಂದು, ನಾಲ್ಕನೆಯ ಕಡೆ ಉಬ್ಬಿಕೊಂಡಿತು. ಮುಂದೆ ಹೊಲಿಯುವಂತಿರಲಿಲ್ಲ. ಸೋಮವಾರ ಸಂಜೆ ದೇವಕ್ಕ ತಾನೇ ಕರೆಯಲು ಬಂದಳು. ಪಡಸಾಲೆಯಲ್ಲಿ ಅಂದಾನೆಪ್ಪನವರು ಕೂತಿದ್ದರು. ಸೊಸೆ ಎಲ್ಲಿ ಎಂದು ಕೇಳಿದಳು, ಅವರಿಗೆ ಕೇಳಿಸಲಿಲ್ಲ. ಯಾಕೆ ಬಂದೆ ಎಂದು ಅವರು ಕೇಳಿದರು. ಹೇಳಿದ್ದನ್ನು ಎರಡನೆಯ ಸಲ, ಮೂರನೆಯ ಸಲ, ಪ್ರತಿ ಸಲ ಇನ್ನಷ್ಟು ದೊಡ್ಡದಾಗಿ ಹೇಳಬೇಕಾಯಿತು.

“ಅಂದಾನೆಪ್ಪಣ್ಣಾ, ಟಿವಿದಾಗಿನ ವಾರಿಜಾ ಬದಲಾಗ್ಯಾಳ ಅಂತ ನಾ ಅಂದೆ. ನಿಮ್ಮ ಸೊಸಿ ಇಲ್ಲ ಅಂದ್ಲು. ನೀ ಟಿವಿ ನೋಡತೀಯೋ ಒಲಿ ನೋಡತೀಯೋ ಅಂತ ನಾ ಚ್ಯಾಷ್ಟಿ ಮಾಡಿದೆ. ಸಿಟ್ಟಾಗಿ ಕುಂತಾಳ. ಕೌದಿ ಹಂಗ ಬಿದ್ದೈತಿ.”

ಮೂರನೆಯ ಸಲಕ್ಕೆ ಓಣಿಯೆಲ್ಲ ಕೇಳಿತು. ಅಡುಗೆಮನೆಯಲ್ಲಿ ಗುರುಬಸವ್ವ ಹಿಟ್ಟಿನ ಕೈ ಹಾಗೆಯೇ ಹಿಡಿದು ನಿಂತಳು. ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅದರ ವಾಸನೆ ಬಂದು ದೇವಕ್ಕ ಗೋಡೆಯ ಕಡೆ ನೋಡಿದಳು. ಮಾಡ ನೋಡಿದಳು, ಮಾಡದಲ್ಲಿದ್ದ ಟಿವಿ ನೋಡಿದಳು, ಎದುರಿಗಿದ್ದ ಕುರ್ಚಿ ನೋಡಿದಳು. ಎಷ್ಟೋ ಸಲ ಬಂದು ಹೋದ ಮನೆ ಅದು. “ಹಿಂದ ಒಲಿ ಐತಿ,” ಎಂದಳು, ಸಣ್ಣ ಧ್ವನಿಯಲ್ಲಿ, ತನಗೆ ತಾನೇ. ಆಮೇಲೆ ಸೊಸೆಯನ್ನು ಕರೆಯದೆ ಎದ್ದು ಹೋದಳು. ಆ ಕೊನೆಯ ಮಾತು ಅಂದಾನೆಪ್ಪನವರಿಗೆ ಕೇಳಿಸಲಿಲ್ಲ. ಅವಳ ಕಣ್ಣು ಎಲ್ಲೆಲ್ಲಿ ಹೋಯಿತೆಂಬುದು ಮಾತ್ರ ಕಾಣಿಸಿತು.

ಅಂದು ಎಂಟಕ್ಕೆ ಟಿವಿ ಹಚ್ಚಲಿಲ್ಲ. ಜಾಹೀರಾತಿಲ್ಲದೆ ಗುರುಬಸವ್ವನಿಗೆ ರೊಟ್ಟಿ ಯಾವಾಗ ತಟ್ಟಬೇಕು, ಯಾವಾಗ ಬೇಯಿಸಬೇಕು ಎಂಬುದೇ ತಪ್ಪಿಹೋಗಿ, ಒಂದು ದಪ್ಪ, ಒಂದು ತೆಳುವಾದವು. ಮಾವ ಮೂರು ತಿನ್ನುವವರು ಎರಡು ತಿಂದು ಎದ್ದರು. ಕಂಬಕ್ಕೂ ಏನೂ ಹೇಳಲಿಲ್ಲ. ಮನೆಯ ಮಾತು ಹೊರಗೆ ಹೋದದ್ದಕ್ಕೆ ಅವರು ನೊಂದಿದ್ದಾರೆ, ಅದಕ್ಕೆ ತಾನೇ ಕಾರಣ ಎಂದು ಅವಳು ತಿಳಿದಳು.

ಮರುದಿನ ಬೆಳಿಗ್ಗೆ ಶ್ರೀಶೈಲ ಅಂಗಡಿಗೆ ಹೋಗುವುದು ತಡವಾಯಿತು. ಕೇಬಲ್ಲಿನವನನ್ನು ಕರೆತಂದು ತಂತಿ ಉದ್ದ ಮಾಡಿಸಿದ. ಟಿವಿಯನ್ನು ಬೀದಿ ಬಾಗಿಲ ಪಕ್ಕದ ಗೋಡೆಗೆ, ಮನೆಯ ಒಳಕ್ಕೆ ಮುಖ ಮಾಡಿ, ಮೇಜಿನ ಮೇಲೆ ಇಟ್ಟರು. ಅಂದಾನೆಪ್ಪನವರ ಕುರ್ಚಿ ತಿರುಗಿತು. ಈಗ ಅವರ ಬೆನ್ನು ಅಡುಗೆಮನೆಯ ಬಾಗಿಲಿಗೆ. ಇದೆಲ್ಲ ಯಾಕೆ ಎಂದು ಮಗ ಕೇಳಿದ್ದಕ್ಕೆ ಅವರು ಕಂಬದ ಕಡೆ ತಿರುಗಿ, “ಆ ಗ್ವಾಡಿ ಹಿಂದ ಒಲಿ ಐತಿ. ಕಾವಿಗೆ ಟಿವಿ ಕೆಡತೈತಿ,” ಎಂದರು.

ಒಂಬತ್ತು ವರ್ಷ ಕೆಟ್ಟಿಲ್ಲವಲ್ಲ ಎಂದ ಶ್ರೀಶೈಲ. ಅದು ಅವರಿಗೆ ಕೇಳಿಸಲಿಲ್ಲ.

ಸಂಜೆ ಎಂಟಕ್ಕೆ ಗುರುಬಸವ್ವ ಸೆರಗು ಸರಿಮಾಡಿಕೊಂಡು ಅಡುಗೆಮನೆಯ ಹೊಸ್ತಿಲ ಒಳಗೆ ಕುಳಿತಳು. ಮೊದಲು ಮಾವನ ಬಿಳಿ ತಲೆ, ಅದರ ಮೇಲೆ ಟಿವಿ. ಸಣ್ಣ ಗದ್ದದ, ತೀಡಿದ ಹುಬ್ಬಿನ ಹುಡುಗಿಯೊಬ್ಬಳು ಮೆಟ್ಟಿಲಿಳಿದು ಬಂದಳು. ಕಥೆಗೆ ಹೊಸದಾಗಿ ಬಂದವಳಿರಬೇಕು ಎಂದುಕೊಂಡಳು ಗುರುಬಸವ್ವ. ಹುಡುಗಿ ಬಾಯಿ ತೆರೆದಳು. ವಾರಿಜಾಳ ಧ್ವನಿ ಬಂತು. ಬಾಯಿ ಮುಚ್ಚಿದ ಮೇಲೂ ಧ್ವನಿ ಇನ್ನೂ ಒಂದಿಷ್ಟು ಉಳಿದಿತ್ತು. ಅಗಲ ಹಣೆಯ, ಬಾಗಿಲು ತುಂಬುವ ಹೆಂಗಸು ಎಲ್ಲಿಯೂ ಇರಲಿಲ್ಲ. ಬಹಳ ದಿನದ ಮೇಲೆ ತವರಿಗೆ ಹೋದಾಗ, ಪರಿಚಯದ ಮನೆಯಲ್ಲಿ ಪರಿಚಯವಿಲ್ಲದವರು ಬಾಗಿಲು ತೆರೆದಂತೆ ಅವಳಿಗಾಯಿತು.

“ಏನಂದ್ಲು ಅಕಿ?”

ಅಂದಾನೆಪ್ಪನವರು ಕೇಳಿದ್ದರು, ಕಂಬವನ್ನು. ಅವರು ಮತ್ತೆ ಕೇಳಿದರು.

“ಗದ್ದಲ ಕೇಳಸತೈತಿ, ಮಾತ ತಿಳಿಯಂಗಿಲ್ಲ. ನಾಕ ವರ್ಷಾತು, ಬರೇ ಮಾರಿ ನೋಡಕೋತ ಕುಂತೇನಿ. ಯಾರರ ಹೇಳಿದ್ರ ಛಲೋ ಆಗತೈತಿ.”

ಆ ಮನೆಯಲ್ಲಿ ಹನ್ನೆರಡು ವರ್ಷಗಳಲ್ಲಿ ಅವಳು ಮಾವನಿಗೆ ಕೇಳುವಂತೆ ಒಂದು ಮಾತು ಆಡಿದವಳಲ್ಲ. ಈಗ ಆಡುವುದಾದರೆ ಕೂಗಿಯೇ ಆಡಬೇಕು. ಅವಳೂ ಕಂಬದ ಕಡೆ ತಿರುಗಿದಳು.

“ಮನಿ ಬಿಟ್ಟ ಹೋಗಂಗಿಲ್ಲ ಅಂದ್ಲರಿ,” ಎಂದಳು ಗಟ್ಟಿಯಾಗಿ. ಆಮೇಲೆ, “ಸುಳ್ಳ ಹೇಳಾಕತ್ತಾಳರಿ. ಉಸರ ಎಳಕೊಂಡ್ಲು,” ಎಂದಳು.

ಕುರ್ಚಿ ಕಿರುಗುಟ್ಟಿತು. “ಹೌದಲ್ಲ. ಮಾರಿ ನೋಡಿ ನನಗೂ ಹಂಗ ಅನಿಸಿತು,” ಎಂದರು ಅಂದಾನೆಪ್ಪನವರು. ಮತ್ತೆ ಕಂಬಕ್ಕೆ ಹೇಳಿದರು: “ಮದಲಿನಾಕಿ ಮಾರಿ ಛಲೋ ಇತ್ತು. ಇಕಿ ಕಣ್ಣಾಗ ಏನೂ ಇಲ್ಲ.”

ಧ್ವನಿ ಮೊದಲಿನದೇ ಇದೆ ಎಂದು ಗುರುಬಸವ್ವ ಕಂಬಕ್ಕೆ ತಿಳಿಸಿದಳು. ಜಾಹೀರಾತು ಬಂದಾಗಲೂ ಆ ಚರ್ಚೆ ನಿಲ್ಲಲಿಲ್ಲ. ರೊಟ್ಟಿ ತಟ್ಟಲು ಅವಳು ಏಳಲೂ ಇಲ್ಲ. ಅಂದು ಊಟ ಅರ್ಧ ಗಂಟೆ ತಡವಾಯಿತು.

ಬುಧವಾರ ಮಧ್ಯಾಹ್ನ ಅವಳು ಕಟ್ಟೆಗೆ ಹೋಗಿ ತನ್ನ ಮಗ್ಗುಲಿಗೆ ಕುಳಿತಳು. ಚುಚ್ಚಿಟ್ಟ ಸೂಜಿ ಅಲ್ಲಿಯೇ ಇತ್ತು.

“ನೀವಂದದ್ದ ಖರೆರಿ ಅಕ್ಕಾರ. ಬದಲಾಗ್ಯಾಳಂತ. ನಾ ಮದಲಿನಾಕಿನ್ನ ನೋಡೇ ಇರಲಿಲ್ಲ. ಟಿವಿ ನೋಡಿದ್ದ ನಿನ್ನಿ.”

ನೀಲಾ, ಪೇಪರಿನಲ್ಲಿ ಬಂದಿತ್ತೆಂದು ಹೇಳಿದಳು: ಆ ನಟಿಯರು ಯಾರೂ ತಾವೇ ಮಾತಾಡುವುದಿಲ್ಲವಂತೆ, ಬೆಂಗಳೂರಿನಲ್ಲಿ ಇನ್ನೊಬ್ಬಳು ಕೂತು ಅವರಿಗೆ ಧ್ವನಿ ಕೊಡುತ್ತಾಳಂತೆ, ವಾರಿಜಾಳಿಗೆ ಅಂದೂ ಇಂದೂ ಒಬ್ಬಳೇ ಕೊಡುತ್ತಿರಬೇಕು. ಹಾಗಾದರೆ ಗುರುಬಸವ್ವ ಹೇಳಿದ್ದೂ ಸುಳ್ಳಲ್ಲ ಎಂದಳು ರಾಯವ್ವ. ಅವಳು ಆ ವಾರ ಆಡಿದ ಒಂದೇ ಮಾತು ಅದು.

ದೇವಕ್ಕ ಉಬ್ಬಿದ ಬಟ್ಟೆಯನ್ನು ಅಂಗೈಯಿಂದ ಒತ್ತಿ ಗುರುಬಸವ್ವನ ಕಡೆ ಸರಿಸಿಕೊಟ್ಟಳು. “ಮತ್ತ ಹೆಂಗದಾಳವಾ ಅಕಿ? ನೋಡಿದಿಯಲ್ಲ.”

“ಧ್ವನಿಗಿಂತ ಸಣ್ಣಾಕಿ ಅದಾಳರಿ,” ಎಂದಳು ಗುರುಬಸವ್ವ.

ಎರಡು ದಿನದಲ್ಲಿ ಅವಳ ಕಡೆಯ ಹೊಲಿಗೆ ಉಳಿದ ಮೂರನ್ನೂ ಮುಟ್ಟಿತು. ನಡುವಿನ ಕೊನೆಯ ತುಂಡು ಹಚ್ಚುವ ಮೊದಲು ದೇವಕ್ಕ ತನ್ನ ಮನೆಯ ಪದ್ಧತಿಯಂತೆ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟಳು, ಕೌದಿ ಹಸಿದಿರಬಾರದೆಂದು. ಅಂದು ಸಂಜೆ ಗುರುಬಸವ್ವ ಏಳೂವರೆಗೇ ಅಷ್ಟೂ ರೊಟ್ಟಿ ತಟ್ಟಿ ಮುಗಿಸಿ, ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟು, ಕೈ ತೊಳೆದು ಹೊಸ್ತಿಲಿಗೆ ಬಂದಳು. ಊಟದ ಹೊತ್ತಿಗೆ ಅಂದಾನೆಪ್ಪನವರು ರೊಟ್ಟಿ ಮುರಿದು ನೋಡಿ, “ಆರ್ಯಾವು,” ಎಂದು ಕಂಬಕ್ಕೆ ಹೇಳಿದರು. ಮೂರು ತಿಂದರು.